ಹನ್ನೊಂದಕ್ಕ ಹೊಳ್ಳೂದು

ನಮ್ಮೂರು ಉಗಾರ ಬುದ್ರುಕ. ಕಾಗವಾಡ ತಾಲೂಕು, ಕೃಷ್ಣಾ ದಂಡಿ, ಎತ್ತ ನೋಡಿದರೂ ಕಬ್ಬು. ನಮ್ಮಲ್ಲಿ ಬರ್ಫ ಅಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟುಕೊಂಡಿರುತ್ತಾನಲ್ಲ, ಅಷ್ಟೇ. ಅಂಥ ಊರಿನವನು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡ ಹತ್ತಲು ಹೋಗಿದ್ದೆ ಅಂದರೆ ನಗಬೇಡಿ :) ನಮ್ಮ ಕೊಡಗಿನ ತೆಕ್ಕಡ ಭವಾನಿ 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಸ್ಕೀಯಲ್ಲೇ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟರು. ಹಿಮ ಬೀಳದ ನಾಡಿನವರಿಗೆ ಹಿಮ ಒಲಿಯಬಾರದು ಅಂತೇನೂ ಇಲ್ಲ.

ನಾನು ಹೇಳಹೊರಟಿರುವುದು 2023ರ ಏಪ್ರಿಲ್‌ನ ಒಂದು ದಿನದ ಬಗ್ಗೆ. ಪುಣೆಯಲ್ಲಿ ಜೊತೆಗೆ ಕೆಲಸ ಮಾಡುವ ಮೂವರು ಗೆಳೆಯರು, ನಾನು, ಮತ್ತೆ ಮನಾಲಿಯ ಒಬ್ಬ ಗೈಡ್. ಹೋಗಬೇಕಾಗಿದ್ದು ಬಿಯಾಸ್ ಕುಂಡಕ್ಕೆ, ಅಂದರೆ ಬಿಯಾಸ್ ನದಿ ಹುಟ್ಟುವ ಜಾಗಕ್ಕೆ. ಎತ್ತರ 3,600 ಮೀಟರ್‌ಗೂ ಮೇಲೆ.

ಸ್ಕೀ ಟೂರಿಂಗ್ ಅಂದರೆ ಕುರ್ಚಿಯಲ್ಲಿ ಕೂತು ಮೇಲೆ ಹೋಗಿ ಜಾರಿಕೊಂಡು ಬರುವುದಲ್ಲ. ಹತ್ತುವುದೂ ನಾವೇ, ಇಳಿಯುವುದೂ ನಾವೇ. ಹತ್ತುವಾಗ ಸ್ಕೀ ತಳಕ್ಕೆ ಉದ್ದನೆಯ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಅದಕ್ಕೆ 'ಸ್ಕಿನ್' ಅಂತಲೇ ಹೆಸರು. ಹಿಂದೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರಂತೆ, ಈಗ ನೈಲಾನ್ ಅಥವಾ ಮೇಕೆಯ ಉಣ್ಣೆ. ಬೆಕ್ಕಿನ ಬೆನ್ನ ಮೇಲೆ ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ನುಣ್ಣಗಿರುತ್ತದೆ, ಉಲ್ಟಾ ಆಡಿಸಿದರೆ ತಡೆಯುತ್ತದೆ ನೋಡಿ, ಹಾಗೆ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಮ್ಮಡಿ ಬಿಟ್ಟುಕೊಂಡಿರುವುದರಿಂದ ನಡೆದ ಹಾಗೆಯೇ ಹತ್ತಬಹುದು. ಮೇಲೆ ಹೋದಮೇಲೆ ಪಟ್ಟಿ ಕಿತ್ತು ಮಡಚಿಟ್ಟು, ಹಿಮ್ಮಡಿ ಬಿಗಿದುಕೊಂಡು ಇಳಿಯುವುದು.

ಬೆಳಗಿನ ಜಾವ ನಾಲ್ಕಕ್ಕೇ ಮನಾಲಿ ಬಿಟ್ಟೆವು. ಧುಂಡಿಯವರೆಗೆ ಗಾಡಿ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಶುರುವಾದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದ ದಕ್ಷಿಣದ ಬಾಯಿ ಅಲ್ಲೇ ಹತ್ತಿರ. ಹೊರಡುವ ಮೊದಲು ಗೈಡ್ ಎಲ್ಲರ ಎದೆಗೆ ಕಟ್ಟಿದ ಟ್ರಾನ್ಸೀವರ್ ಒಂದೊಂದಾಗಿ ಪರೀಕ್ಷೆ ಮಾಡಿದ. ಹಿಮ ಕುಸಿದು ಯಾರಾದರೂ ಹೂತುಹೋದರೆ ಅದರ ಸಿಗ್ನಲ್ ಹಿಡಿದು ಹುಡುಕಬೇಕು. ಮೊದಲ ಹತ್ತು-ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಕಮ್ಮಿಯಾಗುತ್ತದೆ. ಬೆನ್ನಿಗೆ ಸಲಿಕೆ ಬೇರೆ. ಆಮೇಲೆ ಅವನು ಒಂದೇ ಮಾತು ಹೇಳಿದ: ಎಲ್ಲಿದ್ದರೂ ಸರಿ, ಹನ್ನೊಂದಕ್ಕೆ ವಾಪಸ್ಸು.

ವಸಂತದ ಹಿಮದ ಲೆಕ್ಕವೇ ಬೇರೆ. ರಾತ್ರಿ ಗಟ್ಟಿಯಾಗಿ ಕಲ್ಲಿನ ಹಾಗಾಗಿರುತ್ತದೆ. ಬಿಸಿಲು ಬಿದ್ದ ಮೇಲೆ ಮೇಲಿನ ಒಂದಂಗುಲ ಮಾತ್ರ ಸಡಿಲಾಗಿ ಉಪ್ಪಿಟ್ಟಿನ ದಪ್ಪ ರವೆಯ ಹಾಗೆ ಕಾಳುಕಾಳಾಗುತ್ತದೆ. ಇಳಿಯಲು ಅದಕ್ಕಿಂತ ಸುಖವಾದ ಹಿಮ ಇಲ್ಲ. ಇನ್ನೂ ಹೊತ್ತೇರಿದರೆ ಒಳಗೆಲ್ಲ ನೀರಿಳಿದು ಇಡೀ ಇಳಿಜಾರೇ ಸಡಿಲಾಗುತ್ತದೆ. ಆಗ ಕಾಲು ಮೊಣಕಾಲವರೆಗೆ ಹೂಳುತ್ತದೆ, ಮೇಲಿನಿಂದ ಒದ್ದೆ ಹಿಮ ಕುಸಿಯುತ್ತದೆ. ಬಿಯಾಸ್ ಕುಂಡದ ದಾರಿಯ ಎರಡೂ ಕಡೆ ಕಡಿದಾದ ಗುಡ್ಡಗಳು.

ಬಕರ್‌ಥಾಚ್ ದಾಟುವಾಗ ಹನುಮಾನ್ ಟಿಬ್ಬಾದ ನೆತ್ತಿಗೆ ಬಿಸಿಲು ಬಿದ್ದಿತ್ತು. ಸ್ಕೀ ಕೆಳಗೆ ಸರಕ್ ಸರಕ್ ಶಬ್ದ ಬಿಟ್ಟರೆ ಏನೂ ಇಲ್ಲ. ಹತ್ತು ಐವತ್ತಕ್ಕೆ ಕೊನೆಯ ದಿಬ್ಬದ ಬುಡದಲ್ಲಿದ್ದೆವು. ಅದರ ಹಿಂದೆಯೇ ಕುಂಡ. ಇನ್ನು ಮುಕ್ಕಾಲು ಗಂಟೆ ಸಾಕು. ಗೈಡ್ ಕೋಲು ಊರಿ ನೋಡಿದ. ಬೆಳಿಗ್ಗೆ ಠಣ್ ಅನ್ನುತ್ತಿದ್ದ ಕೋಲು ಈಗ ಸಲೀಸಾಗಿ ಒಳಗಿಳಿಯಿತು. ಏನೂ ಹೇಳದೆ ಸ್ಕಿನ್ ಬಿಚ್ಚತೊಡಗಿದ.

ಗೆಳೆಯನೊಬ್ಬನಿಗೆ ಸಿಟ್ಟೇ ಬಂತು. ಇಷ್ಟು ದುಡ್ಡು ಹಾಕಿ ಇಷ್ಟು ದೂರ ಬಂದು, ಕಣ್ಣೆದುರಿಗೆ ಇರುವಾಗ... ಅಂತ. ಉಳಿದಿಬ್ಬರು ನನ್ನ ಮುಖ ನೋಡಿದರು. ನನಗೆ ಮಾತ್ರ ಆ ಹೊತ್ತಿಗೆ ನಮ್ಮ ಅಪ್ಪ ನೆನಪಾಗಿದ್ದ.

2019ರ ಆಗಸ್ಟ್. ಕೊಯ್ನಾದಿಂದ ನೀರು ಬಿಟ್ಟಿದ್ದರು, ಅಲ್ಲಿ ಮಳೆ ಬೇರೆ ನಿಂತಿರಲಿಲ್ಲ. ನಾನು ಪುಣೆಯಿಂದ ತಾಸಿಗೊಮ್ಮೆ ಫೋನ್ ಮಾಡುತ್ತಿದ್ದೆ. "ಹೊಂಡ್ರಿ ಅಪ್ಪಾ" ಅಂದರೆ ಒಂದೇ ಉತ್ತರ. "2005ರಾಗ ನಮ್ಮ ಕಟ್ಟಿ ಮುಟ್ಟಿಲ್ಲ, ಈಗೇನ್ ಮುಟ್ಟತೈತಿ? ಇನ್ನೊಂದ್ ಮೆಟ್ಟಲಾ ನೋಡೂನು." ಒಂದು ಮೆಟ್ಟಿಲು ಹೋಯಿತು, ಇನ್ನೊಂದು ಹೋಯಿತು. 2005ರ ಗುರುತೂ ಮುಳುಗಿತು. ರಾತ್ರಿ ಬೋಟಿನಲ್ಲಿ ಅಪ್ಪ-ಅವ್ವನನ್ನು ಕರೆತಂದರು. ಬೋಟಿಗೆ ಎಮ್ಮೆ ಹತ್ತಿಸಲಾಗುತ್ತದೆಯೇ? ಎರಡರ ಕಣ್ಣಿಯನ್ನೂ ಬಿಚ್ಚಿಬಿಟ್ಟರು. ಒಂದು ನಾಲ್ಕು ದಿನದ ಮೇಲೆ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಅಪ್ಪ ಆ ಗೂಟಕ್ಕೆ ಇವತ್ತಿಗೂ ಬೇರೆ ದನ ಕಟ್ಟಿಲ್ಲ.

2021ರ ಜುಲೈನಲ್ಲಿ ಮತ್ತೆ ಮಹಾಪೂರ. ಆದರೆ ಅಷ್ಟರಲ್ಲಿ ಅಪ್ಪ ತನಗೊಂದು ಕಾಯ್ದೆ ಮಾಡಿಕೊಂಡಿದ್ದ. ರಾಜಾಪುರ ಬ್ಯಾರೇಜಿನಿಂದ ಎರಡು ಲಕ್ಷ ಕ್ಯುಸೆಕ್ ದಾಟಿತು ಅಂತ ಸುದ್ದಿ ಬಂದರೆ ಎಮ್ಮೆ ಹೊಡೆದುಕೊಂಡು ಹೊರಡುವುದು. ಆಗ ಹೊಳೆ ನೋಡಲು ಹೋಗುವುದಿಲ್ಲ, ಮೆಟ್ಟಿಲು ಎಣಿಸುವುದಿಲ್ಲ. ಯಾಕೆಂದರೆ ನೀರಿನ ಎದುರು ನಿಂತು ಯೋಚನೆ ಮಾಡಿದರೆ ಮನಸ್ಸು ಯಾವಾಗಲೂ 'ಇನ್ನೊಂದು ಮೆಟ್ಟಿಲು' ಅಂತಲೇ ಹೇಳುತ್ತದೆ. ಒಣ ನೆಲದಲ್ಲಿ ನಿಂತು ಮಾಡಿದ ತೀರ್ಮಾನವೇ ಸರಿ.

ಇದನ್ನೆಲ್ಲ ಅಲ್ಲಿ ಭಾಷಣ ಮಾಡಲಿಲ್ಲ. "ನಾ ಹೊಳ್ಳತೀನಿ" ಅಂದೆ, ಅಷ್ಟೇ. ಮೂವರೂ ಹಿಂದೆ ಬಂದರು. ಸಿಟ್ಟಾದವನು ಅರ್ಧ ತಾಸು ಮಾತಾಡಲಿಲ್ಲ. ಆದರೆ ಇಳಿಯುವಾಗ ಆ ರವೆ ಹಿಮದ ಮೇಲೆ ಅವನೇ ಎಲ್ಲರಿಗಿಂತ ಮುಂದೆ, ಕೇಕೆ ಹಾಕುತ್ತಾ! ನಾನು ಆರು ಸಲ ಬಿದ್ದೆ. ಆ ದಿನ ನಮ್ಮ ದಾರಿಯಲ್ಲಿ ಹಿಮ ಕುಸಿಯಿತಾ? ನಾವು ನೋಡಿದ ಮಟ್ಟಿಗೆ ಇಲ್ಲ. ಹಾಗಂತ ಹೊಳ್ಳಿದ್ದು ತಪ್ಪು ಅಂತ ನನಗನ್ನಿಸುವುದಿಲ್ಲ. 2021ರಲ್ಲಿ ಮನೆ ಬಿಟ್ಟು ಹೊರಟ ದಿನ ಅಪ್ಪನೂ ನೀರು ಕಟ್ಟೆ ಮುಟ್ಟುತ್ತದೋ ಇಲ್ಲವೋ ಅಂತ ಕಾಯಲಿಲ್ಲವಲ್ಲ.

ನಿಮಗೂ ಆಸೆಯಿದ್ದರೆ, ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಿದೆ. ಸ್ಕೀ ಕಲಿಸುತ್ತಾರೆ. ಮೊದಲು ಅಲ್ಲಿ ಚೆನ್ನಾಗಿ ಬಿದ್ದು ಕಲಿಯಿರಿ, ಆಮೇಲೆ ಒಳ್ಳೆಯ ಗೈಡ್ ಜೊತೆ ಮಾತ್ರ ಮೇಲೆ ಹೋಗಿ. ಹೊಳ್ಳುವ ಹೊತ್ತು ಎಷ್ಟು ಅಂತ ಹತ್ತುವ ಮೊದಲೇ ಕೇಳಿಕೊಳ್ಳಿ.