ಕಾಣದ ಗೋಲ

ಜನರು ‘ಗಾಜಿನ ಕಣ್ಣು’ ಎನ್ನುವುದು ಇಂದು ಬಹುಮಟ್ಟಿಗೆ ಅಕ್ರಿಲಿಕ್ಕಿನ ತೆಳು ಚಿಪ್ಪು. ಅದರ ಹಿಂದೆ, ಕಣ್ಣುಗುಳಿಯ ಮಾಂಸದೊಳಗೆ ಹುದುಗಿರುವ ಸುಮಾರು 20 ಮಿಲಿಮೀಟರಿನ ಗೋಲವನ್ನು ಯಾರೂ ಕಾಣರು. 1880ರ ದಶಕದಲ್ಲಿ ಮ್ಯೂಲ್ಸ್ ಎಂಬ ಆಂಗ್ಲ ವೈದ್ಯರು ಗಾಜಿನ ಗೋಲವನ್ನು ಒಳಗಿರಿಸಿದರು. ಶತಮಾನದ ತರುವಾಯ ಕಡಲ ಹವಳದಿಂದ ತಯಾರಿಸಿದ ಗೋಲ ಬಂದಿತು. ಅದರ ಸೂಕ್ಷ್ಮ ರಂಧ್ರಗಳೊಳಗೆ ರೋಗಿಯ ರಕ್ತನಾಳಗಳೇ ಬೆಳೆಯುತ್ತವೆ.

ಇದೆಲ್ಲ ಬರಿಯ ಅಂದಕ್ಕಾಗಿ ಎಂಬವರ ಮಾತನ್ನು ನಾನೊಪ್ಪಲಾರೆ. ಕ್ಯಾನ್ಸರಿನ ದೆಸೆಯಿಂದ ಎಳೆಯ ಮಗುವಿನ ಕಣ್ಣನ್ನು ತೆಗೆಸಬೇಕಾದ ತಾಯಿಯೊಬ್ಬರು, “ಕಣ್ಣೇ ಕಾಣದ ಮೇಲೆ ಆ ಗೋಲ ಯಾಕೆ, ಫಾದರ್?” ಎಂದು ಕೇಳಿದ್ದುಂಟು. ದೃಷ್ಟಿ ಮರಳದು, ಅದನ್ನು ಮರೆಮಾಚಿ ಸಾಂತ್ವನ ಹೇಳಬಾರದು. ಆದರೆ ಗುಳಿ ಬರಿದಾಗಿ ಉಳಿದರೆ ಸುತ್ತಲಿನ ಎಲುಬು ಸರಿಯಾಗಿ ಬೆಳೆಯದೆ ಮಗುವಿನ ಮುಖವೇ ಓರೆಯಾಗಬಹುದು. ಮಗು ಬೆಳೆದಂತೆ ಚಿಪ್ಪನ್ನು ಬದಲಿಸಬೇಕಾಗುತ್ತದೆ. ಗೋಲ ಸಾಮಾನ್ಯವಾಗಿ ಒಳಗೇ ಉಳಿಯುತ್ತದೆ.