ಕಾಡಿನ ಶಿಶುವಿಹಾರ

ಮಗಳ ಮನೆಗೆಂದು ಜರ್ಮನಿಗೆ ಹೋಗಿದ್ದಾಗ ಮೊಮ್ಮಗನ ಶಿಶುವಿಹಾರವನ್ನು ಕಂಡೆ. ಕಟ್ಟಡವಿಲ್ಲ, ಬೀಚ್ ಮರಗಳ ಕಾಡು, ಚಳಿಗೆ ಆಶ್ರಯವಾಗಿ ಗಾಲಿಗಳ ಮೇಲೊಂದು ಮರದ ಕೋಣೆ, ಅಷ್ಟೆ. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಮೊಳೆತ ಈ ಪದ್ಧತಿಗೆ ಜರ್ಮನಿಯಲ್ಲಿ ಸರ್ಕಾರದ ಮನ್ನಣೆ ಮೊದಲು ದೊರೆತದ್ದು 1993ರಲ್ಲಿ, ಫ್ಲೆನ್ಸ್‌ಬುರ್ಗ್ ನಗರದಲ್ಲಿ.

ಅಂದು ಜಿಟಿಜಿಟಿ ಮಳೆ. ಉರುಳಿದ ಮರದ ದಿಮ್ಮಿಯ ಮೇಲೆ ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ಕೊನೆಯ ಪುಟ್ಟ ಹುಡುಗಿ ನಡುವೆ ಹೆದರಿ ನಿಂತಳು. ನಾನು ಧಾವಿಸಿದೆ, ಶಿಕ್ಷಕಿ ಕಣ್ಸನ್ನೆಯಿಂದಲೇ ತಡೆದರು. ಮೊಮ್ಮಗ ಹಿಂದಿರುಗಿ ಕೈ ನೀಡಿದ. ಅವಳು ಅದನ್ನು ಹಿಡಿಯದೆ, ಕುಳಿತು ಜರುಗುತ್ತಲೇ ದಾಟಿದಳು!

ಮರಳುವಾಗ ಹಳೆಯದೊಂದು ನೆನಪು ಚುಚ್ಚಿತು. ಶಾಲೆಯ ಸೀಬೆಮರ ಹತ್ತಿದ ಹುಡುಗನೊಬ್ಬನನ್ನು ನಾನು ದಿನವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಕೆಳಗಿದ್ದ ಚಿಕ್ಕವರಿಗಾಗಿ ಹಣ್ಣು ಕೀಳುತ್ತಿದ್ದನೆಂದು ಆಮೇಲೆ ತಿಳಿಯಿತು. ಮರುದಿನ ಅವನು ಬರಲಿಲ್ಲ. ನಾನೂ ಅವನ ಮನೆಗೆ ಹೋಗಲಿಲ್ಲ.