ಎತ್ತರವೇ ಗಂಟು

2 ಏಪ್ರಿಲ್ 2023, ಭಾನುವಾರ

ಬೆಳಿಗ್ಗೆ 7:40ಕ್ಕೆ ನಮ್ಮ ಚಳ್ಳಕೆರೆ ಸೀಮೆಯಲ್ಲಿ ಇಸ್ರೋದ ರೆಕ್ಕೆಯ ನೌಕೆ ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿದಿದೆ! ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು, ರನ್‌ವೇಯಿಂದ 4.6 ಕಿ.ಮೀ. ದೂರದಲ್ಲಿ ಬಿಟ್ಟಿತಂತೆ. ಇಡೀ ದಿನ ಬೇರೆ ಕೆಲಸ ಹತ್ತಲಿಲ್ಲ. ರಾತ್ರಿ ಇಳಿಜಾರಿನ ಲೆಕ್ಕಕ್ಕೆ ಕೂತೆ.

3 ಏಪ್ರಿಲ್

ನಿನ್ನೆಯ ಲೆಕ್ಕ ತಪ್ಪು. ಆ ಎತ್ತರ ಸಮುದ್ರಮಟ್ಟದಿಂದ ಅಳೆದದ್ದು. ನಮ್ಮೂರ ನೆಲವೇ 600 ಮೀಟರಿನ ಆಸುಪಾಸಿನಲ್ಲಿದೆ. ಕೈಯಲ್ಲಿರುವುದು ಸುಮಾರು 3.9 ಕಿ.ಮೀ. ಮಾತ್ರ. ನೇರ ಗೆರೆ ಎಳೆದರೆ ಇಳಿಜಾರು 40 ಡಿಗ್ರಿ. ಪ್ರಯಾಣಿಕರ ವಿಮಾನ ಇಳಿಯುವುದು ಮೂರು ಡಿಗ್ರಿಯಲ್ಲಿ.

ಇಳಿಯುವಾಗ ಎಂಜಿನ್ನಿನ ನೆರವಿಲ್ಲ, ಎತ್ತರವೇ ಗಂಟು. ಅದನ್ನು ಮುರಿಸಿ ವೇಗ ಕೊಳ್ಳಬೇಕು. ಕೊನೆಯಲ್ಲಿ ಮೂತಿ ಎತ್ತಬೇಕು: ಬೇಗ ಎತ್ತಿದರೆ ವೇಗ ತೀರಿ ಕುಸಿಯುತ್ತದೆ, ತಡವಾದರೆ ನೆಲಕ್ಕೆ ಬಡಿಯುತ್ತದೆ. ಗಂಟು ಮಿಕ್ಕರೂ ಕಷ್ಟ, ರನ್‌ವೇ ಸಾಲದು. ಅಮೆರಿಕದ ಷಟಲ್‌ಗಳು ಮೇಲೆಯೇ ಎಡಕ್ಕೂ ಬಲಕ್ಕೂ ವಾಲುತ್ತಾ ಮಿಕ್ಕದ್ದನ್ನು ಕರಗಿಸುತ್ತಿದ್ದವು.

22 ಮಾರ್ಚ್ 2024

ಎರಡನೆಯ ಸಲವೂ ಗೆದ್ದಿತು. ಹೆಸರು ಪುಷ್ಪಕ್. ಈ ಬಾರಿ ಬೇಕೆಂದೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಹುಡುಗನಾಗಿದ್ದಾಗ ದನ ಮೇಯಿಸಿದ ಕಾವಲಿನ ಕಡೆಯೇ ಈ ರನ್‌ವೇ. ‘ಸರಿಯಾಗಿ ಇಳೀಲಿಲ್ಲ ಅಂದ್ರೆ ಇನ್ನೊಂದು ಸುತ್ತು ಹಾಕಲ್ವೇನೋ?’ ಅಂದರು. ಇಲ್ಲಪ್ಪ, ಒಂದೇ ಸಲ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

23 ಜೂನ್ 2024, ಭಾನುವಾರ

ಈ ಸಲ 500 ಮೀಟರ್ ಪಕ್ಕಕ್ಕೆ, ಗಾಳಿಯೂ ಜೋರು. ಆದರೂ ರನ್‌ವೇಯ ನಡುಗೆರೆಗೇ ಬಂತು. ನೆಲ ಮುಟ್ಟಿದಾಗ ಗಂಟೆಗೆ 320 ಕಿ.ಮೀ. ಮೀರಿದ ವೇಗ, ಅಂದರೆ ಸೆಕೆಂಡಿಗೆ ಸುಮಾರು 89 ಮೀಟರ್. ಪ್ಯಾರಾಚೂಟ್ ಬಿಚ್ಚಿ ಅದನ್ನು 100ರ ಹತ್ತಿರಕ್ಕೆ ಇಳಿಸಿದ ಮೇಲೆಯೇ ಚಕ್ರದ ಬ್ರೇಕು. ಮಾರ್ಚಿನಲ್ಲಿ ಇಳಿದ ಅದೇ ಒಡಲು ಮತ್ತೆ ಹಾರಿದ್ದು ಎಂದು ಓದಿ ಕಣ್ಣು ತುಂಬಿತು.

24 ಜೂನ್

ಐನೂರು ಮೀಟರ್ ಸರಿಯುವುದನ್ನು ನನ್ನ ಪುಟ್ಟ ಪ್ರೋಗ್ರಾಮಿನಲ್ಲಿ ಮಾಡಿ ನೋಡಿದೆ. ಪಕ್ಕಕ್ಕೆ ಹೋಗಲು ರೆಕ್ಕೆ ವಾಲಿಸಬೇಕು. ವಾಲಿಸಿದಷ್ಟೂ ಮೇಲೆತ್ತುವ ಬಲ ಕಡಿಮೆ, ಎತ್ತರ ಸೋರುತ್ತದೆ. ಆಮೇಲೆ ರನ್‌ವೇಗೆ ನೇರವಾಗಲು ಇನ್ನೊಂದು ಕಡೆಗೆ ವಾಲಬೇಕು, ಮತ್ತೆ ಅದೇ ಖರ್ಚು. ಬಿಟ್ಟ ಕೂಡಲೇ ತಿರುಗಿಸೋಣವೆಂದರೆ ಆಗ ಎತ್ತರವಿದೆ, ವೇಗವಿಲ್ಲ, ರೆಕ್ಕೆಯ ಅಂಚಿನ ಪಟ್ಟಿಗಳಿಗೆ ಗಾಳಿಯ ಹಿಡಿತ ಸಿಗದು. ಕಾದರೆ ವೇಗ ಬರುತ್ತದೆ, ಎತ್ತರ ಹೋಗಿರುತ್ತದೆ. ಇವೆರಡರ ನಡುವಿನ ಕೆಲವೇ ಸೆಕೆಂಡುಗಳನ್ನು ಆ ನೌಕೆ ತಾನೇ ಹುಡುಕಿಕೊಂಡಿತಲ್ಲ! ಅದರ ಪ್ರೋಗ್ರಾಮು ಬರೆದವರಿಗೆ ಕೈ ಮುಗಿಯಬೇಕು.

ಸಂಜೆ ಅಪ್ಪನದೇ ಫೋನು. ಆರಿದ್ರ ಮಳೆ ಹುಟ್ಟಿದೆ, ಶೇಂಗಾ ಬಿತ್ತಬೇಕಂತೆ. ನನ್ನ ಪ್ರೋಗ್ರಾಮಿನ ವಿಷಯ ಹೇಳಿದೆ. ‘ಗಾಳಿ ಎಷ್ಟು ಹಿಡಿದಿದೀಯ?’ ಅಂದರು. ಎಲ್ಲ ಎತ್ತರಕ್ಕೂ ಒಂದೇ ಅಂದೆ. ‘ಬೆಳಿಗ್ಗೆ ಏಳಕ್ಕೆ ನೆಲದಾಗೆ ಅಷ್ಟಿರಲ್ಲ. ಮೋಡ ನೋಡು, ಮೇಲೆ ಹೆಂಗೆ ಓಡ್ತವೆ.’

ನಾಳೆ ಎತ್ತರಕ್ಕೆ ತಕ್ಕಂತೆ ಗಾಳಿ ಬದಲಿಸಿ, ಮೊದಲಿನಿಂದ.